ಕೂಸು ಬಡವಾಗುವ ಬಗೆ

ದಂಪತಿಗಳ ಕಲಹವನ್ನು ಕುರಿತು ನಮ್ಮ ನಾಡಿನಲ್ಲಿ ಎರಡು ಗಾದೆಗಳು ಪ್ರಚಾರದಲ್ಲಿವೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬುದು ಒಂದು; ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬುದು ಇನ್ನೊಂದು. ಎರಡನ್ನೂ ನಾವು ಬಾಲ್ಯದಿಂದ ಕೇಳುತ್ತ ಬಂದವರೇ. ಮೊದಲನೆಯದನ್ನು ಹೇಳುವಾಗ ನಗುತ್ತೇವೆ, ಎರಡನೆಯದನ್ನು ಹೇಳುವಾಗ ನಿಟ್ಟುಸಿರಿಡುತ್ತೇವೆ. ಆದರೆ ಇವೆರಡನ್ನೂ ಒಟ್ಟಿಗಿರಿಸಿ ವಿಚಾರಿಸಿದವರು ವಿರಳ. ಜಗಳವು ಮಲಗುವಷ್ಟರಲ್ಲಿ ಮುಗಿದುಹೋಗುವುದಾದರೆ ಕೂಸು ಬಡವಾಗುವುದೇತಕ್ಕೆ? ಕೂಸು ಬಡವಾಗುವುದು ದಿಟವಾದರೆ ಜಗಳವು ಮುಗಿಯಿತೆಂಬ ಮಾತು ಹುಸಿಯಾಗಬೇಡವೆ? ಎರಡೂ ಅನುಭವದಿಂದ ಹುಟ್ಟಿದ ಮಾತುಗಳಾದುದರಿಂದ ಯಾವುದನ್ನೂ ಹುಸಿಯೆನ್ನಲಾಗದು. ಮೂವತ್ತು ವರ್ಷಗಳಿಂದ ಮಠದ ಪಾಠಶಾಲೆಯಲ್ಲಿ ಮಕ್ಕಳ ನಡುವೆಯೇ ಕಾಲ ಕಳೆದ ನನಗೆ ಈ ವಿರೋಧವು ಬಹುದಿನ ಬಗೆಹರಿದಿರಲಿಲ್ಲ. ಬಗೆಹರಿದುದು ಗ್ರಂಥದಿಂದಲ್ಲ, ನನ್ನ ಮನೆಯ ಒಂದು ಲೋಟ ಹಾಲಿನಿಂದ. ಆ ಸಂಗತಿಯನ್ನು ಮುಂದೆ ನಿವೇದಿಸುವೆನು.

‘ಬಡವಾಗು’ ಎಂಬ ಶಬ್ದವನ್ನು ಮೊದಲು ಸ್ವಲ್ಪ ನೋಡಬೇಕು. ಬಡವನೆಂದರೆ ಹಣವಿಲ್ಲದವನೆಂಬ ಅರ್ಥವೇ ಇಂದು ರೂಢಿಯಲ್ಲಿದೆ. ಗಾದೆಯಲ್ಲಿರುವುದಾದರೋ ಕೃಶವಾಗು, ಸೊರಗು ಎಂಬ ಅರ್ಥ. ಈ ಮಾತನ್ನು ಮೊದಲು ಆಡಿದ ಹಳ್ಳಿಯ ಮುದುಕಿಯು ಮಗುವಿನ ಮನಸ್ಸನ್ನು ಕುರಿತು ಸಿದ್ಧಾಂತ ಮಾಡಿರಲಾರಳು. ಕೂಸನ್ನು ಎತ್ತಿಕೊಂಡು ನೋಡಿದಳು, ಹಗುರವಾಗಿತ್ತು. ಮನದ ನೋವು ಮೊದಲು ಮೈಯಲ್ಲಿ ಕಾಣಿಸಿಕೊಳ್ಳುತ್ತದೆಂಬುದನ್ನು ಅವಳು ತೂಕದಿಂದಲೇ ಅರಿತಳು. ಪಾಠಶಾಲೆಯ ಉಪಾಧ್ಯಾಯನಿಗೂ ಅದು ಹಾಗೆಯೇ ಕಾಣಿಸುತ್ತದೆ.

ನಮ್ಮ ಪ್ರಸಾದನಿಲಯದಲ್ಲಿ ಆರನೆಯ ತರಗತಿಯ ಒಬ್ಬ ಬಾಲಕನಿದ್ದನು. ಸೋಮವಾರದಿಂದ ಶುಕ್ರವಾರದವರೆಗೆ ಲವಲವಿಕೆಯಿಂದಿರುತ್ತಿದ್ದ ಅವನಿಗೆ ಶನಿವಾರ ಬೆಳಗಾಯಿತೆಂದರೆ ಹೊಟ್ಟೆನೋವು. ಶನಿವಾರ ಮಧ್ಯಾಹ್ನ ಸಮೀಪದ ಊರುಗಳ ಮಕ್ಕಳನ್ನು ಮನೆಗೆ ಕಳುಹಿಸುವುದು ನಮ್ಮಲ್ಲಿಯ ಪದ್ಧತಿ. ಮೊದಲು ಅಜೀರ್ಣವೆಂದು ತಿಳಿದು ಓಮದ ನೀರು ಕೊಟ್ಟೆವು. ವೈದ್ಯರು ಪರೀಕ್ಷಿಸಿ ಉದರದಲ್ಲಿ ಯಾವ ದೋಷವೂ ಇಲ್ಲವೆಂದರು. ಕಳ್ಳನೆವವೆಂದು ಸಹೋದ್ಯೋಗಿಗಳೊಬ್ಬರು ಗದರಿಸಿಯೂ ಆಯಿತು. ಒಮ್ಮೆ ಶ್ರಾವಣದ ಮಳೆಗೆ ಹಳ್ಳ ತುಂಬಿ, ಆ ಊರಿನ ಬಸ್ಸು ವಾರವೆಲ್ಲ ನಿಂತುಹೋಯಿತು. ಆ ಶನಿವಾರ ಹುಡುಗನು ಬೆಳಗಿನಿಂದ ಅಂಗಳದಲ್ಲಿ ಗೋಲಿಯಾಡಿದನು. ಹೊಟ್ಟೆಯ ಸುದ್ದಿಯೇ ಇಲ್ಲ. ಅಂದು ನಮಗೆ ಅರಿವಾಯಿತು. ಅವನ ತಂದೆತಾಯಿಗಳು ಹೊಲದ ಪಾಲಿನ ವಿಷಯವಾಗಿ ವರ್ಷಾವಧಿಯಿಂದ ಹಗಲಿರುಳೂ ಕಾದಾಡುತ್ತಿದ್ದರು. ಅವನ ನೋವು ನೆವವಾಗಿರಲಿಲ್ಲ. ಹೊಟ್ಟೆಯು ಮನೆಯ ದಾರಿಯನ್ನು ಬಲ್ಲದಾಗಿತ್ತು, ಅಷ್ಟೆ.

ಇನ್ನೊಬ್ಬನು ಮಾತಿಗಿಂತ ಮುಂಚೆ ಕೈಯೆತ್ತುತ್ತಿದ್ದನು. ಅವನ ಬಾಯಿಂದ ಬರುತ್ತಿದ್ದ ಬೈಗುಳಗಳು ಅವನ ವಯಸ್ಸಿನವಲ್ಲ. ದೊಡ್ಡವರ ಮಾತುಗಳು, ದೊಡ್ಡವರದೇ ಧಾಟಿ, ನಡುನಡುವೆ ನಿಲ್ಲಿಸುವ ರೀತಿ ಕೂಡ ದೊಡ್ಡವರದೇ. ನಾವು ಕಲಿಸಿದ ಪದ್ಯಗಳನ್ನು ಅವನು ಇಷ್ಟು ಶುದ್ಧವಾಗಿ ಎಂದೂ ಒಪ್ಪಿಸಿದವನಲ್ಲ! ಯಾವ ಪಾಠವು ದಿನವೂ ನಡೆಯುವುದೋ ಆ ಪಾಠವೇ ಮಗುವಿಗೆ ಕಂಠಸ್ಥವಾಗುವುದೆಂಬುದು ನಮಗೆ ಅಂದು ಮನದಟ್ಟಾಯಿತು.

ಇಂಥವರನ್ನು ಎಲ್ಲರೂ ಗುರುತಿಸುತ್ತಾರೆ; ಶಿಕ್ಷೆಯನ್ನೋ ಮದ್ದನ್ನೋ ಕೊಡುತ್ತಾರೆ. ನನಗೆ ಹೆಚ್ಚು ಭಯವನ್ನುಂಟುಮಾಡಿದವರು ಬೇರೆಯವರು. ಏನನ್ನೂ ಬೇಡದ ಮಕ್ಕಳು. ಹೊಸ ಅಂಗಿ ಬೇಡವೆನ್ನುವ, ಜಾತ್ರೆಗೆ ಹೋಗೆಂದರೂ ಒಲ್ಲೆನೆನ್ನುವ, ಬಿದ್ದು ಮೊಣಕಾಲು ತರಚಿದರೂ ಅಳದೆ ತಾನೇ ತೊಳೆದುಕೊಳ್ಳುವ ಮಕ್ಕಳು. ಇಬ್ಬರು ಸಂಗಡಿಗರು ಜಗಳವಾಡಿದರೆ ಇವರ ಮುಖ ಬಿಳಿಚುತ್ತದೆ. ತಮ್ಮದಲ್ಲದ ತಪ್ಪಿಗೆ ತಾವೇ ಕ್ಷಮೆ ಕೇಳಿ ಜಗಳವನ್ನು ನಿಲ್ಲಿಸುತ್ತಾರೆ. ಇವರನ್ನು ನಾವು ‘ಸುಗುಣಿ’ ಎಂದು ಹೊಗಳಿ ಬಹುಮಾನ ಕೊಡುತ್ತೇವೆ. ನಾನೂ ಕೊಟ್ಟಿದ್ದೇನೆ. ಹತ್ತು ವರ್ಷದ ಮಗುವು ಐವತ್ತು ವರ್ಷದವನಂತೆ ವರ್ತಿಸಿದರೆ ಅದು ಸುಗುಣವೋ, ಯಾರಿಂದಲೋ ಬಂದ ಭಾರವೋ ಎಂದು ಕೇಳಿಕೊಳ್ಳುವುದು ನನಗೆ ಬಹಳ ತಡವಾಗಿ ಹೊಳೆಯಿತು.

‘ಮಗು ಚಿಕ್ಕದು, ಅದಕ್ಕೇನು ತಿಳಿದೀತು’ ಎನ್ನುವ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಈ ಮಾತು ಅಸತ್ಯವೆಂಬುದಕ್ಕೆ ಈಗ ಪ್ರಮಾಣಗಳು ದೊರೆತಿವೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಪಂಡಿತರು 2013ರಲ್ಲಿ ಒಂದು ಪರಿಶೀಲನೆಯನ್ನು ಪ್ರಕಟಿಸಿದರು. ಆರು ತಿಂಗಳಿಂದ ಹನ್ನೆರಡು ತಿಂಗಳವರೆಗಿನ 20 ಶಿಶುಗಳು ನಿದ್ರಿಸುತ್ತಿರುವಾಗ, ಮೆದುಳಿನ ಚಟುವಟಿಕೆಯನ್ನು ತೋರಿಸುವ ಯಂತ್ರದಲ್ಲಿ ಮಲಗಿಸಿ, ಅವುಗಳಿಗೆ ಅರ್ಥವಿಲ್ಲದ ವಾಕ್ಯಗಳನ್ನು ಕೇಳಿಸಿದರು. ಅದೇ ಬಗೆಯ ವಾಕ್ಯಗಳು ಒಮ್ಮೆ ಸಂತೋಷದ ಧ್ವನಿಯಲ್ಲಿ, ಒಮ್ಮೆ ಸಾಧಾರಣ ಧ್ವನಿಯಲ್ಲಿ, ಒಮ್ಮೆ ಕೋಪದ ಧ್ವನಿಯಲ್ಲಿ. ತಂದೆತಾಯಿಗಳ ಕಲಹ ಹೆಚ್ಚಾಗಿದ್ದ ಮನೆಗಳ ಶಿಶುಗಳಲ್ಲಿ, ತೀವ್ರ ಕೋಪದ ಧ್ವನಿಯನ್ನು ಕೇಳಿದೊಡನೆ, ಉದ್ವೇಗಕ್ಕೂ ಅದರ ನಿಗ್ರಹಕ್ಕೂ ಸಂಬಂಧಪಟ್ಟ ಮೆದುಳಿನ ಭಾಗಗಳು ಇತರ ಶಿಶುಗಳಿಗಿಂತ ಅಧಿಕವಾಗಿ ಪ್ರತಿಕ್ರಿಯಿಸಿದವು. ಗಮನಿಸಬೇಕು: ಮಾತಿಗೆ ಅರ್ಥವಿಲ್ಲ, ಮಗುವಿಗೆ ಎಚ್ಚರವಿಲ್ಲ. ಆದರೂ ಧ್ವನಿಯು ಒಳಗೆ ಇಳಿಯಿತು. ತೊಟ್ಟಿಲ ಮಗು ನಿದ್ರಿಸುತ್ತಿದೆಯೆಂದು ನಂಬಿ ನಡುಮನೆಯಲ್ಲಿ ಗದ್ದಲಮಾಡುವ ಗೃಹಸ್ಥರು ಇದನ್ನು ಅರಿತಿರಬೇಕು. ಅಕ್ಷರಕ್ಕಿಂತ ಸ್ವರವು ಮೊದಲೆಂಬುದು ವೇದಪಾಠದವರಿಗೆ ತಿಳಿದ ಮಾತೇ. ಶಿಶುವಿಗೂ ಅದೇ ನ್ಯಾಯ.

ಎಚ್ಚರವಿರುವ, ಮಾತು ಬಲ್ಲ ಮಗುವಿನ ಸ್ಥಿತಿ ಇನ್ನೂ ಕಷ್ಟದ್ದು. 1994ರಲ್ಲಿ ಡೇವೀಸ್, ಕಮಿಂಗ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ವಿಚಾರವನ್ನು ಮಂಡಿಸಿದರು. ತಂದೆತಾಯಿಗಳ ಬಾಂಧವ್ಯವೇ ಮಗುವಿನ ಆಶ್ರಯ. ಅದು ಅಲುಗಿದಾಗ ಮಗುವು ಯಾರ ಪಕ್ಷ ಸರಿ, ಯಾರದು ತಪ್ಪೆಂದು ಅಷ್ಟಾಗಿ ಚಿಂತಿಸುವುದಿಲ್ಲ, ಈ ಆಶ್ರಯವು ನಿಂತೀತೆ ಬಿದ್ದೀತೆ ಎಂದು ಚಿಂತಿಸುತ್ತದೆ. ಅದು ಅಳುವುದು, ಹಟಮಾಡುವುದು, ನಡುವೆ ಬಂದು ನಿಲ್ಲುವುದು, ಇಲ್ಲವೆ ಮೂಲೆ ಸೇರುವುದು, ಎಲ್ಲವೂ ಆ ಆಶ್ರಯವನ್ನು ಹೇಗಾದರೂ ಉಳಿಸಿಕೊಳ್ಳುವ ಯತ್ನಗಳೇ ಎಂಬುದು ಅವರ ಅಭಿಪ್ರಾಯದ ಸಾರ. ಇದನ್ನು ಓದಿದಾಗ ನನಗೆ ಹೊಸದನ್ನು ಕಲಿತಂತಾಗಲಿಲ್ಲ. ಹಳೆಯ ಗಾಯವನ್ನು ಯಾರೋ ಹೆಸರಿಟ್ಟು ಕರೆದಂತಾಯಿತು. ಹಾಲಿನ ಲೋಟದ ಸಂಗತಿಯನ್ನು ಹೇಳಲು ಇದೇ ಸ್ಥಳ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಊರಿನಲ್ಲಿ ನನ್ನ ತಮ್ಮನು ಕೊಳವೆಬಾವಿ ಕೊರೆಯಿಸಲು ಹಣ ಕೇಳಿದನು. ಗೃಹಿಣಿಯನ್ನು ವಿಚಾರಿಸದೆಯೇ ನಾನು ಒಪ್ಪಿಕೊಂಡೆನು. ಬಾವಿಯಲ್ಲಿ ನೀರು ಬೀಳಲಿಲ್ಲ, ಮನೆಯಲ್ಲಿ ಬೆಂಕಿ ಬಿದ್ದಿತು. ಮೊದಲ ದಿನ ಮಾತು ಏರಿತು. ನಾನು ಆಡಬಾರದುದನ್ನು ಆಡಿದೆನು. ಆಕೆಯ ತೌರಿನವರನ್ನು ಎಳೆತಂದೆನು. ಅನಂತರ ಎಂಟು ದಿನ ಮೌನ. ಮೌನವ್ರತವೆಂದರೆ ಶರಣರು ಆಚರಿಸಿದ ಮೌನವಲ್ಲ, ಬಾಗಿಲನ್ನು ಸದ್ದು ಮಾಡಿ ಮುಚ್ಚುವ ಮೌನ. ನಮಗೆ ಎಂಟು ವರ್ಷದ ಒಬ್ಬ ಮಗಳು. ಊಟಕ್ಕೆ ಬರಬೇಕಂತೆ ಎಂದು ಇಲ್ಲಿ ಬಂದು ಹೇಳುವಳು, ಹಸಿವಿಲ್ಲವಂತೆ ಎಂದು ಅಲ್ಲಿ ಹೋಗಿ ಹೇಳುವಳು. ಹೇಳುವಾಗ ನನ್ನ ಮಾತಿನ ಕಟುವನ್ನು ತಾನೇ ಕಳೆದು, ಮೆತ್ತಗೆ ಮಾಡಿ ತಲುಪಿಸುತ್ತಿದ್ದಳೆಂದು ಎಷ್ಟೋ ಕಾಲದ ಮೇಲೆ ಗೃಹಿಣಿಯಿಂದ ತಿಳಿಯಿತು. ಎಂಟು ವರ್ಷದ ರಾಯಭಾರಿ!

ವ್ಯಾಕರಣ ಕಲಿಸುವವನ ಚಾಪಲ್ಯವನ್ನು ವಾಚಕರು ಮನ್ನಿಸಬೇಕು. ಎರಡು ಸ್ವರಗಳು ಎದುರುಬದುರಾಗಿ, ನೇರವಾಗಿ ಕೂಡಲಾರದೆ ಹೋದರೆ, ಕನ್ನಡದಲ್ಲಿ ಅವುಗಳ ನಡುವೆ ಯಕಾರವೋ ವಕಾರವೋ ಬಂದು ನಿಲ್ಲುತ್ತದೆ, ಇದು ಆಗಮಸಂಧಿ. ‘ಮನೆ’ಯು ‘ಅಲ್ಲಿ’ಯನ್ನು ಕೂಡಿ ‘ಮನೆಯಲ್ಲಿ’ ಎಂದಾಗುವಾಗ ನಡುವೆ ಬಂದ ಯಕಾರವು ಮೊದಲಿನದೂ ಅಲ್ಲ, ಕೊನೆಯದೂ ಅಲ್ಲ. ಎರಡನ್ನೂ ಹಿಡಿದುಕೊಂಡು ನಿಂತಿದೆ. ಅಕ್ಷರಕ್ಕೆ ಇದರಿಂದ ನೋವಿಲ್ಲ. ನನ್ನ ಮನೆಯಲ್ಲಿ ಹಾಗೆ ನಿಂತದ್ದು ಅಕ್ಷರವಾಗಿರಲಿಲ್ಲ.

ಒಂಬತ್ತನೆಯ ದಿನ ರಾತ್ರಿ, ಮಗಳು ಮಲಗಿದ ಮೇಲೆ, ನಾನು ತಪ್ಪೊಪ್ಪಿಕೊಂಡೆನು. ಆಕೆಯೂ ಅತ್ತು ಹಗುರಾದಳು. ಗಾದೆಯಂತೆಯೇ ಉಂಡು ಮಲಗಿದೆವು. ಮರುದಿನದಿಂದ ಮನೆ ಎಂದಿನಂತೆ ನಡೆಯಿತು. ಅಥವಾ ಹಾಗೆಂದು ನಾವಿಬ್ಬರೂ ತಿಳಿದೆವು. ಅಲ್ಲಿಂದ ನಾಲ್ಕನೆಯ ದಿನ ಗೃಹಿಣಿ, ಮಗಳು ಬಹಳ ದಿನಗಳಿಂದ ಹಾಲು ಕುಡಿಯುತ್ತಿಲ್ಲವೆಂದು ನನ್ನೊಡನೆ ಹೇಳಿದಳು. ಮೈ ಕೂಡ ಇಳಿದಿತ್ತು. ಜ್ವರವೇ ಎಂದು ಮುಟ್ಟಿ ನೋಡಿದೆನು. ಗದರಿಸಿಯೂ ರಮಿಸಿಯೂ ಕೇಳಿದ ಮೇಲೆ ಅವಳು ಹೇಳಿದ್ದು ಇಷ್ಟು: ತಾನು ಹಾಲು ಬಿಟ್ಟರೆ ತಿಂಗಳಿಗೆ ಇಷ್ಟು ದುಡ್ಡು ಉಳಿಯುತ್ತದೆ, ಆಗ ಅವ್ವನಿಗೆ ಸಿಟ್ಟು ಬರುವುದಿಲ್ಲ. ಲೆಕ್ಕವನ್ನು ಪಾಟಿಯ ಮೇಲೆ ಮಾಡಿಟ್ಟಿದ್ದಳು. ಗುಣಾಕಾರದಲ್ಲಿ ತಪ್ಪಿರಲಿಲ್ಲ.

ನಾನು ಅಂದು ಆ ಪಾಟಿಯನ್ನು ಹಿಡಿದು ಎಷ್ಟು ಹೊತ್ತು ಕುಳಿತೆನೋ ಅರಿಯೆನು. ಜಗಳವು ಮುಗಿದು ನಾಲ್ಕು ದಿನವಾಗಿತ್ತು. ನಮಗೆ ಮುಗಿದಿತ್ತು. ಅವಳಿಗೆ ಯಾರೂ ಹೇಳಿರಲಿಲ್ಲ. ಎರಡು ಗಾದೆಗಳ ವಿರೋಧವು ಆ ಕ್ಷಣದಲ್ಲಿ ಪರಿಹಾರವಾಯಿತು. ಜಗಳವು ಉಂಡು ಮಲಗುವ ತನಕವೇ ಸರಿ. ಆದರೆ ಕೂಸು ಎಲ್ಲರಿಗಿಂತ ಮೊದಲು ಮಲಗುತ್ತದೆ. ಕಲಹವನ್ನು ಹಗಲಿನಲ್ಲಿ, ಅದರ ಕಣ್ಣೆದುರಿಗೆ ಮಾಡುತ್ತೇವೆ. ಸಂಧಾನವನ್ನು ರಾತ್ರಿ, ಕದವಿಕ್ಕಿ ಮಾಡುತ್ತೇವೆ. ಅದು ಕಂಡದ್ದು ಒಂದರ್ಧ ಮಾತ್ರ. ಕಾಣದ ಇನ್ನೊಂದರ್ಧವನ್ನು ತನ್ನ ಬುದ್ಧಿಗೆ ತೋಚಿದಂತೆ ತುಂಬಿಕೊಳ್ಳುತ್ತದೆ, ಮತ್ತು ಹಾಗೆ ತುಂಬಿಕೊಳ್ಳುವಾಗ ಬಹುಮಟ್ಟಿಗೆ ತನ್ನನ್ನೇ ಕಾರಣವಾಗಿ ಇಟ್ಟುಕೊಳ್ಳುತ್ತದೆ. ಬಾವಿ, ಹಣ, ತಮ್ಮ, ತೌರು ಇವು ಯಾವುವೂ ಅವಳ ಕೈಯಳತೆಯವಲ್ಲ. ಅವಳ ಕೈಯಲ್ಲಿದ್ದುದು ಹಾಲಿನ ಲೋಟ ಒಂದೇ. ಅದನ್ನು ಕೊಟ್ಟಳು.

ಮೇಲೆ ಹೇಳಿದ ಕಮಿಂಗ್ಸರೂ ಅವರ ಸಂಗಡಿಗರೂ ಇದೇ ವಿಷಯವನ್ನು ಮಕ್ಕಳ ಮೇಲೆ ಪರೀಕ್ಷಿಸಿ ನೋಡಿದ್ದಾರೆ. ದೊಡ್ಡವರು ಜಗಳವಾಡುವುದನ್ನು ಮಾತ್ರ ಕಂಡ ಮಕ್ಕಳಲ್ಲಿ ಕಳವಳವು ಹೆಚ್ಚು. ಆ ಜಗಳವು ಪೂರ್ಣವಾಗಿ ಬಗೆಹರಿಯುವುದನ್ನೂ ಕಂಡವರಲ್ಲಿ ಬಹಳ ಕಡಮೆ. ಬಗೆಹರಿದುದು ಕಣ್ಣೆದುರಿಗಲ್ಲದಿದ್ದರೂ, ಮರಳಿ ಬಂದ ಸೌಹಾರ್ದವು ಮಗುವಿಗೆ ಕಂಡರೆ, ಇಲ್ಲವೆ ಬಗೆಹರಿಯಿತೆಂದು ತಿಳಿಸಿ ಹೇಳಿದರೆ ಅದರಿಂದಲೂ ನೆಮ್ಮದಿಯುಂಟೆಂದು ಅವರು ಕಂಡುಕೊಂಡರು. ಹೀಗಿರಲು ಮಕ್ಕಳೆದುರಿಗೆ ಎಂದೂ ಭಿನ್ನಾಭಿಪ್ರಾಯವನ್ನು ತೋರಿಸಬಾರದೆಂಬ ಉಪದೇಶವನ್ನು ನಾನು ಅರ್ಧ ಮಾತ್ರ ಒಪ್ಪುವೆನು. ಅದು ಸಾಧ್ಯವೂ ಅಲ್ಲ. ಎರಡು ಕೋಣೆಯ ಮನೆಯಲ್ಲಿ ಬಾಳುವವರಿಗೆ ಅಂಥ ಉಪದೇಶವು ಪರಿಹಾಸದಂತೆ ಕೇಳಿಸೀತು. ಬಚ್ಚಿಟ್ಟ ಕಲಹವನ್ನು ಮಗುವು ತಟ್ಟೆಯ ಸದ್ದಿನಿಂದಲೇ ಅರಿಯುತ್ತದೆ.

ಸತಿಪತಿಗಳ ಏಕಭಾವವನ್ನು ಕುರಿತ ಜೇಡರ ದಾಸಿಮಯ್ಯನ ವಚನವನ್ನು ನಾವು ಮದುವೆಯ ಕರೆಯೋಲೆಗಳಲ್ಲಿ ತಪ್ಪದೆ ಅಚ್ಚು ಹಾಕಿಸುತ್ತೇವೆ. ಅದರ ಅರ್ಥವನ್ನು, ದಂಪತಿಗಳಲ್ಲಿ ಭೇದವೇ ಬರಕೂಡದು, ಬಂದರೆ ಹೆಂಡತಿಯು ಸುಮ್ಮನಿರಬೇಕು ಎಂಬಂತೆ ಹಲವರು ಹೇಳಿಕೊಡುತ್ತಾರೆ. ಶರಣರ ಮನೆಗಳು ಹಾಗಿದ್ದವೆ? ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗವು ಶೂನ್ಯಸಂಪಾದನೆಯ ವಾಚಕರಿಗೆ ಸುಪರಿಚಿತ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಇವರ ಕಾಯಕವು ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಸುಮ್ಮನಿರಲಿಲ್ಲ. ನಮಗೆ ಬೇಕಾದುದಕ್ಕಿಂತ ಮಿಗಿಲಾದುದೇಕೆ ಎಂದು ಕೇಳಿದಳು. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಬೇಕೆಂದಳು. ಮಾರಯ್ಯನು ಸುರಿದು ಬಂದನು.

ಇದು ಜಗಳವಲ್ಲವೆ? ಜಗಳವೇ. ಆದರೆ ಅದರ ರೀತಿಯನ್ನು ನೋಡಬೇಕು. ಮಾತೆಲ್ಲ ಅಕ್ಕಿಯ ಮೇಲಿದೆ. ಮಾರಯ್ಯನ ವಂಶದ ಮೇಲಿಲ್ಲ, ಹಿಂದಿನ ವರ್ಷದ ತಪ್ಪಿನ ಮೇಲಿಲ್ಲ. ಗಂಡನಾದವನು ಗಂಡೆಂಬ ಬಿಗುಮಾನದಿಂದ ಮಾತನ್ನು ತಳ್ಳಿಹಾಕಲಿಲ್ಲ. ಕೊನೆಯು ಕದದ ಹಿಂದೆ ಆಗಲಿಲ್ಲ, ಬೀದಿಯಲ್ಲಿ ಆಯಿತು; ಅಕ್ಕಿಯ ಗಂಟನ್ನು ಹೊತ್ತು ಮಾರಯ್ಯನು ಮರಳಿ ಹೋಗುವುದನ್ನು ಕಲ್ಯಾಣವೆಲ್ಲ ನೋಡಬಹುದಾಗಿತ್ತು. ಆ ಮನೆಯ ಬಾಗಿಲಲ್ಲಿ ನೆರೆಯವರ ಒಂದು ಮಗು ನಿಂತು ನೋಡುತ್ತಿತ್ತೆಂದು ಭಾವಿಸೋಣ. ಅದು ಏನನ್ನು ಕಂಡಿತು? ಇಬ್ಬರಿಗೆ ಮನಸ್ಸು ಬೇರೆಯಾದುದನ್ನು, ಒಬ್ಬರು ಹೇಳಿದುದನ್ನು, ಇನ್ನೊಬ್ಬರು ಕೇಳಿದುದನ್ನು, ಮತ್ತೆ ಇಬ್ಬರೂ ಕೂಡಿ ಅಡಿಗೆ ಮಾಡಿದುದನ್ನು. ಆರಂಭದಿಂದ ಮುಕ್ತಾಯದವರೆಗೆ ಕಂಡಿತು. ಅಂಥ ಮಗುವು ಹಾಲು ಬಿಡುವುದಿಲ್ಲ.

ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ಹಿರಿಯರ ಗೌರವ ಕುಂದುವುದೆಂದು ಹಲವರು ಅಂಜುತ್ತಾರೆ. ಮರಳಿ ಅಕ್ಕಿ ಸುರಿದುದರಿಂದ ಮಾರಯ್ಯನ ಗೌರವ ಎಂಟುನೂರು ವರ್ಷಗಳಲ್ಲಿ ಕುಂದಿಲ್ಲವಷ್ಟೆ. ಇನ್ನೊಂದು ಮಾತು. ಲಿಂಗಾಯತ ಗೃಹಸ್ಥರಾದ ನಾವು ಶಿಶುವಿಗೆ ಲಿಂಗಧಾರಣೆ ಮಾಡಿಸುತ್ತೇವೆ. ಮಾತು ಬಾರದ, ಹೆಸರೂ ಇಲ್ಲದ ಹಸುಳೆಯನ್ನು ಶಿವನ ನೆಲೆಯೆಂದು ಒಪ್ಪಿ ಕೈಮುಗಿಯುತ್ತೇವೆ. ಹಾಗೆ ಒಪ್ಪಿದವರು, ಅದೇ ಮಗುವು ಆಡುತ್ತ ಕುಳಿತಿರುವಾಗ ಅದು ಅಲ್ಲಿಲ್ಲವೆಂಬಂತೆ ಒಬ್ಬರನ್ನೊಬ್ಬರು ಹಳಿಯುವುದು ಯಾವ ಆಚಾರ? ಲಿಂಗದ ಮುಂದೆ ಆಡಲಾಗದ ಮಾತನ್ನು ಲಿಂಗವನ್ನು ಧರಿಸಿದ ಕೂಸಿನ ಮುಂದೆ ಆಡಬಹುದೆಂಬ ವಿನಾಯಿತಿಯನ್ನು ಯಾವ ಗುರುಗಳೂ ಕೊಟ್ಟಂತಿಲ್ಲ. ಕೊಲೆ, ಕಳವು, ಹುಸಿಗಳನ್ನು ನಿಷೇಧಿಸುವಾಗ ಬಸವಣ್ಣನು ಕೋಪವನ್ನೂ ಅವುಗಳ ಸಾಲಿನಲ್ಲಿಯೇ ಇರಿಸಿದನೆಂಬುದನ್ನು ನಾವು ದಿನವೂ ಪಠಿಸಿಯೂ ಮರೆಯುತ್ತೇವೆ.

ಹಾಗಾದರೆ ಮಗುವಿಗೆ ಎಲ್ಲವನ್ನೂ ಹೇಳಬೇಕೆ? ಬೇಡ. ಸಾಲದ ಮೊತ್ತ, ಬಂಧುಗಳ ಕುಂದು, ದಾಂಪತ್ಯದ ಒಳಗುಟ್ಟು ಇವು ಅದಕ್ಕೆ ಸಲ್ಲವು. ಮಗುವನ್ನು ಕರೆದು ‘ನೀನೇ ಹೇಳು, ಯಾರದು ತಪ್ಪು’ ಎಂದು ನ್ಯಾಯಾಧೀಶನನ್ನಾಗಿ ಮಾಡುವವರಿದ್ದಾರೆ. ಇದಕ್ಕಿಂತ ಕ್ರೂರವಾದ ಪ್ರಶ್ನೆ ಇನ್ನೊಂದಿಲ್ಲ. ತಾಯಿಯಿಲ್ಲದ ಹೊತ್ತಿನಲ್ಲಿ ತಾಯಿಯ ದೋಷವನ್ನು, ತಂದೆಯಿಲ್ಲದ ಹೊತ್ತಿನಲ್ಲಿ ತಂದೆಯ ದೋಷವನ್ನು ಮಗುವಿನ ಕಿವಿಗೆ ಸುರಿಯುವ ಅಜ್ಜ ಅಜ್ಜಿಯರೂ ಉಂಟು. ಅವರ ವಯಸ್ಸಿಗೆ ನಮಸ್ಕರಿಸಿ ಹೇಳುತ್ತೇನೆ, ಅದು ಪ್ರೀತಿಯಲ್ಲ. ಮಗುವಿಗೆ ತಿಳಿಯಬೇಕಾದುದು ಸ್ವಲ್ಪವೇ: ನಾವಿಬ್ಬರೂ ಸಿಟ್ಟಾಗಿದ್ದೆವು, ಮಾತಾಡಿಕೊಂಡೆವು, ಇದು ನಿನ್ನಿಂದ ಆದುದಲ್ಲ. ಇನ್ನೂ ಬಗೆಹರಿಯದಿದ್ದರೆ ಹಾಗೆಂದೇ ಹೇಳಬಹುದು. ಬಗೆಹರಿಸುವುದು ದೊಡ್ಡವರ ಕೆಲಸ, ನಿನ್ನದಲ್ಲ ಎಂದು ಕೂಡಿಸಿದರೆ ಸಾಕು. ಇಲ್ಲದ ರಾಜಿಯನ್ನು ನಟಿಸುವುದರಿಂದ ಲಾಭವಿಲ್ಲ. ಮಕ್ಕಳು ನಟನೆಯನ್ನು ನಮಗಿಂತ ಚೆನ್ನಾಗಿ ಬಲ್ಲರು.

ಇಲ್ಲಿಯವರೆಗೆ ಹೇಳಿದುದು ಮಾತಿನ ಕಲಹವನ್ನು ಕುರಿತು. ಕೈಯೆತ್ತುವುದು ಕಲಹವಲ್ಲ, ಹಿಂಸೆ. ಅದಕ್ಕೆ ಈ ಸಂಧಾನದ ಮಾತು ಯಾವುದೂ ಅನ್ವಯಿಸದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರ ಪೈಕಿ, ಗಂಡನಿಂದ ಎಂದಾದರೊಮ್ಮೆ ಹಿಂಸೆಗೊಳಗಾದವರು ದೇಶದಲ್ಲಿ ಶೇಕಡಾ 29ರಷ್ಟಿದ್ದರೆ ನಮ್ಮ ಕರ್ನಾಟಕದಲ್ಲಿ ಶೇಕಡಾ 44ರಷ್ಟಿದ್ದರು. ವಚನಗಳು ಹುಟ್ಟಿದ ನಾಡಿನ ಲೆಕ್ಕವಿದು. ತಲೆ ತಗ್ಗಿಸದೆ ಈ ಸಂಖ್ಯೆಯನ್ನು ಬರೆಯಲಾರೆ. ಇಂಥ ಮನೆಗಳಲ್ಲಿ ಹೊಡೆತವು ತಾಯಿಯ ಮೈಮೇಲೆ ಬಿದ್ದರೂ ಮಗುವು ಅದರಲ್ಲಿ ಪಾಲುಗೊಳ್ಳುತ್ತದೆ. ‘ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗು ತಾಯಿ’ ಎಂದು ಹೇಳಿ ಹೆಣ್ಣುಮಗಳನ್ನು ಮರಳಿ ಕಳುಹಿಸುವ ಪಂಚರು ಮಕ್ಕಳ ಮುಖವನ್ನು ನಿಜವಾಗಿ ನೋಡಿದವರಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮವಿದೆ. ಸ್ತ್ರೀಯರಿಗಾಗಿ 181, ಮಕ್ಕಳಿಗಾಗಿ 1098 ಎಂಬ ದೂರವಾಣಿ ಸಂಖ್ಯೆಗಳಿವೆ. ಅವುಗಳ ಮೊರೆಹೋಗುವುದರಲ್ಲಿ ಧರ್ಮಕ್ಕೆ ಯಾವ ಚ್ಯುತಿಯೂ ಇಲ್ಲ.

ಕೂಡಿ ಬಾಳಲಾರದವರು ಮಕ್ಕಳಿಗೋಸ್ಕರವಾದರೂ ಒಂದೇ ಸೂರಿನಡಿ ಇರಬೇಕೆ ಎಂಬ ಪ್ರಶ್ನೆಯನ್ನು ನನ್ನನ್ನು ಕೇಳಿದವರುಂಟು. ಪಾಠಶಾಲೆಯ ಉಪಾಧ್ಯಾಯನು ಉತ್ತರಿಸತಕ್ಕ ಪ್ರಶ್ನೆಯಲ್ಲ ಅದು. ಆದರೂ ಕಂಡುದನ್ನು ಮುಚ್ಚಿಡಲಾರೆ. ಅಮೆರಿಕದಲ್ಲಿ ಅಮಾಟೊ ಎಂಬವರೂ ಅವರ ಸಂಗಡಿಗರೂ ಕುಟುಂಬಗಳನ್ನು ಹನ್ನೆರಡು ವರ್ಷ ಹಿಂಬಾಲಿಸಿ 1995ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತೀವ್ರ ಕಲಹದ ಮನೆಗಳಲ್ಲಿ ತಂದೆತಾಯಿಗಳು ಬೇರೆಯಾದ ಮೇಲೆ ಮಕ್ಕಳ ಮುಂದಿನ ಬಾಳು ಮೇಲಾಯಿತೆಂದೂ, ಕಲಹ ಅಷ್ಟಾಗಿಲ್ಲದ ಮನೆಗಳು ಒಡೆದಾಗ ಮಕ್ಕಳಿಗೆ ಹೆಚ್ಚು ಹಾನಿಯಾಯಿತೆಂದೂ ತೋರಿಸಿದ್ದಾರೆ. ನಮ್ಮ ಸಮಾಜದ ಕಟ್ಟು ಬೇರೆ. ಅಲ್ಲಿಯದನ್ನು ಇಲ್ಲಿಗೆ ಹಾಗೆಯೇ ತರಲಾಗದು. ಆದರೂ ಸೂರು ಒಂದಾಗಿರುವುದೇ ಮಗುವಿಗೆ ಆಶ್ರಯವೆಂಬ ನಂಬಿಕೆಯನ್ನು ಮಾತ್ರ ನಾನು ಕೈಬಿಟ್ಟಿದ್ದೇನೆ. ಶನಿವಾರದ ಹೊಟ್ಟೆನೋವಿನ ಹುಡುಗನಿಗೂ ಸೂರಿತ್ತು. ಒಳ್ಳೆಯ ಹೆಂಚಿನ ಮನೆಯೇ ಇತ್ತು.

ಆ ಹುಡುಗನ ತಂದೆಯು ಮುಂದೊಂದು ಅಮಾವಾಸ್ಯೆಯಂದು ಮಠಕ್ಕೆ ಬಂದಿದ್ದರು. ಗದ್ದುಗೆಯ ದರ್ಶನ ಮುಗಿಸಿ, ಪ್ರಸಾದ ಸ್ವೀಕರಿಸಿ, ಹೊರಡುವ ಮುನ್ನ ನನ್ನ ಬಳಿಗೆ ಬಂದು ಕುಳಿತರು. ಹೊಲದ ವ್ಯಾಜ್ಯವು ಹೇಗೋ ತೀರ್ಮಾನವಾಯಿತೆಂದೂ, ಮನೆಯಲ್ಲಿ ಈಗ ಗಲಾಟೆಯಿಲ್ಲವೆಂದೂ ಹೇಳಿದರು. ಹುಡುಗನಿಗೆ ಹೇಳಿದಿರಾ ಎಂದು ಕೇಳಿದೆನು. ಅವರು ಆಶ್ಚರ್ಯದಿಂದ ನನ್ನನ್ನು ನೋಡಿದರು. ‘ಅವನಿಗೇನು ಹೇಳುವುದು, ಗುರುಗಳೆ? ಅವನಿಗೇನು ಗೊತ್ತು?’ ಎಂದರು. ನಾನು ಓಮದ ನೀರಿನ ಕಥೆಯನ್ನೂ ಬಸ್ಸು ನಿಂತ ವಾರದ ಕಥೆಯನ್ನೂ ಹೇಳಿದೆನು. ನನ್ನ ಮಗಳ ಪಾಟಿಯ ಸಂಗತಿಯನ್ನೂ ಹೇಳಿದೆನು. ಅದನ್ನು ಪರರಿಗೆ ಹೇಳಿದುದು ಅದೇ ಮೊದಲು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. ಆ ಮೇಲೆ, ಏನೆಂದು ಹೇಳಲಿ ಎಂದು ಕೇಳಿದರು. ನಿಮ್ಮ ಮಾತಿನಲ್ಲಿಯೇ ಹೇಳಿರಿ ಎಂದೆನು.

ನಾನು ಪಡಸಾಲೆಯಲ್ಲಿ ಪುಸ್ತಕ ತೆರೆದು ಕುಳಿತೆನು, ಓದಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ತಂದೆ ಮಗ ಇಬ್ಬರೂ ನಿಂತಿದ್ದರು. ತಂದೆಯು ಮರದ ಬುಡವನ್ನು ನೋಡುತ್ತ ಮಾತಾಡುತ್ತಿದ್ದರು, ಹುಡುಗನು ಹೆಬ್ಬೆರಳಿನಿಂದ ಮಣ್ಣು ಕೆದರುತ್ತಿದ್ದನು. ಸ್ವಲ್ಪ ಹೊತ್ತಿನ ಮೇಲೆ ಕಾಲು ನಿಂತಿತು. ಅವನು ತಲೆಯೆತ್ತಿ ಏನನ್ನೋ ಕೇಳಿದನು. ತಂದೆಯು ಉತ್ತರಿಸಿದರು, ಅವನು ಇನ್ನೊಂದನ್ನು ಕೇಳಿದನು. ಹೀಗೆ ಒಂದರ ಮೇಲೊಂದು ಕೇಳುತ್ತಲೇ ಇದ್ದನು. ಊರ ಬಸ್ಸಿನ ಹೊತ್ತು ಮೀರುತ್ತಿತ್ತು, ತಂದೆಯವರು ಮರದ ಕೆಳಗೆ ಕುಳಿತುಕೊಂಡರು.